ಒಂದು ಫೋನು, ನಲವತ್ತು ಕಾರ್ಡು

ಮೊದಲು ಒಂದು ಲೆಕ್ಕ. ಕಹೂಟ್ ಎಂಬ ಕ್ವಿಜ್ ಆಟದಲ್ಲಿ ಪ್ರಶ್ನೆಯೊಂದಕ್ಕೆ 20 ಸೆಕೆಂಡು ಸಮಯ ಇಟ್ಟಿದ್ದೇವೆ ಎನ್ನಿ. ಗರಿಷ್ಠ ಅಂಕ 1000. ಉತ್ತರ ತಪ್ಪಾದರೆ ಸೊನ್ನೆ. ಸರಿಯಾದರೆ, ಉತ್ತರಿಸಲು ಹಿಡಿದ ಸಮಯವನ್ನು ಕೊಟ್ಟ ಸಮಯದಿಂದ ಭಾಗಿಸಿ, ಬಂದದ್ದರ ಅರ್ಧವನ್ನು ಒಂದರಿಂದ ಕಳೆದು, 1000ದಿಂದ ಗುಣಿಸುವುದು ಆಟದ ಸೂತ್ರ. 2 ಸೆಕೆಂಡಿಗೆ ಒತ್ತಿದವರಿಗೆ 950, 16 ಸೆಕೆಂಡು ಯೋಚಿಸಿ ಒತ್ತಿದವರಿಗೆ 600. ಈಗ ಹತ್ತು ಪ್ರಶ್ನೆ ಕೇಳಿ. ಒಬ್ಬ ಹುಡುಗಿ ಪ್ರತಿ ಪ್ರಶ್ನೆಯನ್ನೂ ಪೂರ್ತಿ ಓದಿ, 16ನೇ ಸೆಕೆಂಡಿಗೆ ಉತ್ತರಿಸಿ, ಹತ್ತಕ್ಕೆ ಹತ್ತೂ ಸರಿ ಮಾಡುತ್ತಾಳೆ: 6000 ಅಂಕ. ಪಕ್ಕದ ಬೆಂಚಿನ ಹುಡುಗ ಎರಡೇ ಸೆಕೆಂಡಿನಲ್ಲಿ ಪಟಪಟನೆ ಒತ್ತುತ್ತ ಹೋಗಿ ಏಳು ಸರಿ, ಮೂರು ತಪ್ಪು ಮಾಡುತ್ತಾನೆ: 6650. ಪರದೆಯ ಮೇಲೆ ಅವನ ಹೆಸರು ಮೇಲಕ್ಕೇರುತ್ತದೆ, ಚಪ್ಪಾಳೆ ಬೀಳುತ್ತದೆ. (ಸತತ ಸರಿಯುತ್ತರಕ್ಕೆ ಕೊಡುವ ಹೆಚ್ಚುವರಿ ಅಂಕ ಚಾಲೂ ಇದ್ದರೆ ಲೆಕ್ಕ ಸ್ವಲ್ಪ ಬೇರೆಯಾದೀತು.) ಹುಡುಗಿ ಏನು ತಪ್ಪು ಮಾಡಿದಳು? ಓದಿದ್ದು.

ತರಗತಿಯಲ್ಲಿ ಆನ್‌ಲೈನ್ ಕ್ವಿಜ್ ಆಡಿಸಬೇಕೆಂದಿರುವ ಅಕ್ಕೋರು, ಮಾಸ್ತರು ಯಾರೇ ಇರಲಿ, ಮೊದಲು ತಿಳಿಯಬೇಕಾದದ್ದು ಈ ಸೂತ್ರ. ಆಟ ಯಾವುದಕ್ಕೆ ಅಂಕ ಕೊಡುತ್ತದೋ ಮಕ್ಕಳು ಅದನ್ನೇ ಕಲಿಯುತ್ತಾರೆ. ವೇಗಕ್ಕೆ ಅಂಕ ಕೊಟ್ಟರೆ ವೇಗವನ್ನು ಕಲಿಯುತ್ತಾರೆ. ಅದೃಷ್ಟವಶಾತ್ ವೇಗದ ಗುಂಡಿಯನ್ನು ಬಂದ್ ಮಾಡಬಹುದು. ಕಹೂಟ್‌ನಲ್ಲಿ ಪ್ರತಿ ಪ್ರಶ್ನೆಗೂ ಅಂಕವೇ ಬೇಡ ಎಂದು ಹೊಂದಿಸಬಹುದು, ಸಮಯವನ್ನು 240 ಸೆಕೆಂಡಿನವರೆಗೆ ಹಿಗ್ಗಿಸಬಹುದು. ಮಾಡುವವರು ಕಡಿಮೆ, ಯಾಕೆಂದರೆ ತೆರೆದಾಗ 20 ಸೆಕೆಂಡು ಎಂದೇ ಇರುತ್ತದೆ.

ಈ ಆಟಗಳು ಬಂದ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕಹೂಟ್‌ನ ಬೇರು ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಲ್ಫ್ ಇಂಗೆ ವಾಂಗ್ 2006ರ ಹೊತ್ತಿಗೆ ತಮ್ಮ ಪಾಠದಲ್ಲಿ ‘ಲೆಕ್ಚರ್ ಕ್ವಿಜ್’ ಎಂಬ ಪ್ರಯೋಗ ನಡೆಸುತ್ತಿದ್ದರು. ಅದರಿಂದ ಹುಟ್ಟಿದ ಕಹೂಟ್ 2013ರಲ್ಲಿ ಎಲ್ಲರ ಬಳಕೆಗೆ ಬಂತು. ಕ್ವಿಝಿಝ್ ನಮ್ಮದೇ ಬೆಂಗಳೂರಿನದು. 2015ರಲ್ಲಿ ಅಂಕಿತ್ ಗುಪ್ತಾ ಮತ್ತು ದೀಪಕ್ ಜಾಯ್ ಚೀನತ್ ಶುರುಮಾಡಿದ್ದು. 2025ರಲ್ಲಿ ಅದರ ಹೆಸರು ವೇಗ್ರೌಂಡ್ ಎಂದಾಯಿತು, ಹಾಗಾಗಿ ಹಳೆ ಹೆಸರಿನಲ್ಲಿ ಹುಡುಕಿ ಗಾಬರಿಯಾಗಬೇಡಿ. ಪ್ಲಿಕರ್ಸ್ ಅನ್ನು ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನ ಗಣಿತದ ಮಾಸ್ತರು ನೋಲನ್ ಏಮಿ. ಮಕ್ಕಳ ಕೈಗೆ ಕೊಡುವ ದುಬಾರಿ ‘ಕ್ಲಿಕ್ಕರ್’ ಯಂತ್ರಗಳ ಬದಲು ಕಾಗದದಲ್ಲೇ ಕೆಲಸ ಮುಗಿಸಲು ಹೊರಟು ಅವರು ಕಟ್ಟಿದ್ದು. ಪೇಪರ್ ಮತ್ತು ಕ್ಲಿಕ್ಕರ್ಸ್ ಸೇರಿ ಆ ಹೆಸರು. ಕುಮಟಾದ ನಮಗೆ ಹೆಚ್ಚು ಬೇಕಾದವರು ಈ ಮೂರನೆಯವರೇ.

ಯಾಕೆ ಎನ್ನುವುದಕ್ಕೆ ನಮ್ಮ ತಾಲೂಕಿನ ಯಾವುದಾದರೂ ಕನ್ನಡ ಮಾಧ್ಯಮದ ಪ್ರೌಢಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ತರಗತಿಯಲ್ಲಿ 35 ಮಕ್ಕಳು. ಮಕ್ಕಳು ಶಾಲೆಗೆ ಮೊಬೈಲ್ ತರುವ ಹಾಗಿಲ್ಲ, ತರಲಿ ಎಂದು ನಾನೂ ಹೇಳುವುದಿಲ್ಲ. ಕಂಪ್ಯೂಟರ್ ಕೋಣೆ ಇದ್ದರೆ ನಾಲ್ಕು ಯಂತ್ರ, ಅದರಲ್ಲಿ ಎರಡು ಚಾಲೂ. ಪೇಟೆಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ನೆಟ್‌ವರ್ಕ್ ಪರವಾಗಿಲ್ಲ. ಯಾಣದ ದಿಕ್ಕಿಗೆ ಏರಿದ ಹಾಗೆ ಫೋನಿನ ಮೇಲಿನ ಕಡ್ಡಿಗಳು ಒಂದೊಂದಾಗಿ ಕಾಣೆಯಾಗುತ್ತವೆ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕೂತವರು ನಮ್ಮ ಜಿಲ್ಲೆಯ ಮಕ್ಕಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ. ಹೀಗಿರುವಲ್ಲಿ ‘ಎಲ್ಲರೂ ಫೋನ್ ತೆಗೆದು ಪಿನ್ ಹಾಕಿ’ ಎಂಬ ಆಟ ಪಿಯು ಅಥವಾ ಡಿಗ್ರಿ ಕಾಲೇಜಿನಲ್ಲಿ ನಡೆದೀತು, ಎಂಟನೆ ತರಗತಿಯಲ್ಲಿ ನಡೆಯುವುದಿಲ್ಲ.

ಪ್ಲಿಕರ್ಸ್‌ಗೆ ಬೇಕಾದದ್ದು ಅಕ್ಕೋರ ಕೈಯಲ್ಲಿ ಒಂದು ಸ್ಮಾರ್ಟ್‌ಫೋನು, ಅದಕ್ಕೆ ಇಂಟರ್ನೆಟ್ಟು. ಮಕ್ಕಳ ಕೈಯಲ್ಲಿ ಕಾಗದದ ಕಾರ್ಡು. ಪ್ರತಿ ಕಾರ್ಡಿನ ನಡುವೆ ಕಪ್ಪು ಚೌಕಗಳಿಂದಾದ ಒಂದು ಆಕೃತಿ, ನೋಡಲು ಅಂಗಡಿಯ ಕ್ಯೂಆರ್ ಕೋಡ್‌ನ ದಪ್ಪಕ್ಷರದ ತಮ್ಮನ ಹಾಗೆ. ಒಂದು ಕಾರ್ಡಿನ ಆಕೃತಿ ಇನ್ನೊಂದಕ್ಕಿಲ್ಲ. ಆಕೃತಿಯ ನಾಲ್ಕು ಬದಿಗಳಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳು. ಉತ್ತರ ‘ಬಿ’ ಎನಿಸಿದರೆ ‘ಬಿ’ ಬದಿ ಮೇಲೆ ಬರುವಂತೆ ತಿರುಗಿಸಿ ಕಾರ್ಡು ಎತ್ತಿ ಹಿಡಿಯಬೇಕು. ಅಕ್ಕೋರು ಮುಂದೆ ನಿಂತು ಫೋನಿನ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸುತ್ತಾರೆ. ಯಾವ ಆಕೃತಿ ಎಂಬುದರಿಂದ ಆ್ಯಪ್‌ಗೆ ಮಗು ಯಾರೆಂದು ಗೊತ್ತಾಗುತ್ತದೆ, ಯಾವ ಕಡೆ ತಿರುಗಿದೆ ಎಂಬುದರಿಂದ ಉತ್ತರ ಏನೆಂದು ಗೊತ್ತಾಗುತ್ತದೆ. ಇಡೀ ತರಗತಿಯ ಉತ್ತರ ಅರ್ಧ ನಿಮಿಷದಲ್ಲಿ ಫೋನಿಗೆ ಬಂದು ಕೂರುತ್ತದೆ.

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಜಾಣತನವಿದೆ. ಕೈ ಎತ್ತಿಸಿ ಕೇಳಿದರೆ ಹಿಂದಿನ ಬೆಂಚಿನವರು ಮೊದಲ ಬೆಂಚಿನ ಜಾಣರ ಕೈ ನೋಡಿ ತಮ್ಮದೂ ಎತ್ತುತ್ತಾರೆ. ಈ ಕಾರ್ಡುಗಳಲ್ಲಿ ಇಬ್ಬರ ಉತ್ತರ ಒಂದೇ ಆದರೂ ಆಕೃತಿ ಬೇರೆ ಬೇರೆ. ಪಕ್ಕದವಳ ಕಾರ್ಡು ನೋಡಿ ನಕಲು ಮಾಡುವುದು ಸುಲಭವಲ್ಲ. ಅಕ್ಷರವೂ ಸಣ್ಣದು, ದೂರದಿಂದ ಕಾಣದು. ತಪ್ಪು ಉತ್ತರ ಎತ್ತಿದ ಮಗುವನ್ನು ನೋಡಿ ಯಾರೂ ನಗುವ ಹಾಗಿಲ್ಲ. ವರ್ಷವಿಡೀ ಬಾಯಿ ಬಿಡದ ಮಗು ಅಂದು ಐದು ಪ್ರಶ್ನೆಗೆ ಐದು ಸಲ ಉತ್ತರಿಸಿರುತ್ತದೆ.

ಕಾರ್ಡುಗಳನ್ನು ಅವರದೇ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. 40 ಕಾರ್ಡುಗಳ ಕಟ್ಟು ಒಂದು, ದೊಡ್ಡ ತರಗತಿಗೆ 63ರದ್ದು ಇನ್ನೊಂದು. ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆಸಿದರೆ ಸಾಕು. ಲ್ಯಾಮಿನೇಶನ್ ಬೇಡ. ಹೊಳೆಯುವ ಹಾಳೆಯ ಮೇಲೆ ಕಿಟಕಿಯ ಬೆಳಕು ಬಿದ್ದರೆ ಕ್ಯಾಮೆರಾಕ್ಕೆ ಕಾಣುವುದು ಬಿಳಿ ಕಲೆ ಮಾತ್ರ. ಬರಿ ಹಾಳೆಯೂ ನಮ್ಮ ಮಳೆಗಾಲಕ್ಕೆ ತಡೆಯುವುದಿಲ್ಲ, ಥಂಡಿಗೆ ಮುದುರಿಕೊಳ್ಳುತ್ತದೆ, ಮುದುರಿದ ಆಕೃತಿಯನ್ನು ಆ್ಯಪ್ ಓದುವುದಿಲ್ಲ. ಹಳೆ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿಬಿಡಿ. ಮಕ್ಕಳಿಗೆ ಅಂಚು ಹಿಡಿಯಲು ಹೇಳಿಕೊಡಿ, ಹೆಬ್ಬೆರಳು ಕಪ್ಪು ಚೌಕದ ಮೇಲೆ ಬಂದರೆ ಆ ಮಗುವಿನ ಉತ್ತರ ದಾಖಲಾಗುವುದಿಲ್ಲ. ಮಕ್ಕಳ ಬೆನ್ನ ಹಿಂದೆ ಕಿಟಕಿ ಇದ್ದರೆ ಕಾರ್ಡೆಲ್ಲ ಕಪ್ಪಾಗಿ ಕಾಣುತ್ತದೆ, ನೀವೇ ಕಿಟಕಿಯ ಕಡೆಗೆ ಬೆನ್ನು ಮಾಡಿ ನಿಲ್ಲಿ. ಹಾಜರಿ ಸಂಖ್ಯೆ ಎಷ್ಟೋ ಕಾರ್ಡಿನ ಸಂಖ್ಯೆ ಅಷ್ಟೇ ಆಗಿರಲಿ, 17ನೇ ಹಾಜರಿಯವಳಿಗೆ 17ನೇ ಕಾರ್ಡು, ವರ್ಷಪೂರ್ತಿ. ಕ್ವಿಝಿಝ್‌ನಲ್ಲೂ ಹೀಗೆಯೇ ಕಾಗದದ ಕಾರ್ಡಿನಲ್ಲಿ ಆಡುವ ವಿಧಾನವನ್ನು ಆಮೇಲೆ ಸೇರಿಸಿದ್ದಾರೆ. ಯಾವ ಕಂಪನಿ ಉಚಿತವಾಗಿ ಎಷ್ಟು ಪ್ರಶ್ನೆಗೆ, ಎಷ್ಟು ಮಕ್ಕಳಿಗೆ ಅವಕಾಶ ಕೊಡುತ್ತದೆ ಎಂಬುದು ಆಗಾಗ ಬದಲಾಗುತ್ತದೆ. ಪಾಠದ ಹಿಂದಿನ ದಿನ ಮನೆಯಲ್ಲಿ ಒಮ್ಮೆ ಪೂರ್ತಿ ಆಡಿ ನೋಡಿದರೆ ತರಗತಿಯಲ್ಲಿ ‘ಹಣ ಕಟ್ಟಿ’ ಎಂಬ ಫಲಕ ಎದುರಾಗದು.

ಪ್ರೊಜೆಕ್ಟರ್ ಇಲ್ಲ ಎಂಬುದು ಇಲ್ಲಿ ದೊಡ್ಡ ಕೊರತೆಯಲ್ಲ. ಪ್ರಶ್ನೆ ಮತ್ತು ನಾಲ್ಕು ಆಯ್ಕೆಗಳನ್ನು ಕರಿಹಲಗೆಯ ಮೇಲೆ ಬರೆದರೆ ಆಯಿತು. ಫೋನಿನಲ್ಲಿ ಬಂದ ಉತ್ತರಗಳನ್ನು ನೋಡಿ ಎ-ಗೆ ಇಷ್ಟು, ಬಿ-ಗೆ ಇಷ್ಟು ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕಂಬ ಎಳೆಯಿರಿ. ಸ್ಮಾರ್ಟ್ ಟಿವಿಯ ಬಣ್ಣದ ಕಂಬಕ್ಕಿಂತ ಮಕ್ಕಳು ಇದನ್ನು ಹೆಚ್ಚು ಹೊತ್ತು ನೋಡುತ್ತಾರೆ, ಎಳೆಯುವಾಗ ಕಂಬ ಎಲ್ಲಿ ನಿಲ್ಲುತ್ತದೋ ಎಂಬ ಕುತೂಹಲ ಇರುತ್ತದಲ್ಲ.

ಇನ್ನು ಪ್ರಶ್ನೆ. ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿಯೇ. ಬಹುಆಯ್ಕೆಯ ಪ್ರಶ್ನೆ ನಮಗೆ ಹೊಸದಲ್ಲ. ಕೋವಿಡ್ ಕಾರಣಕ್ಕೆ 2021ರ ಜುಲೈನಲ್ಲಿ ಎರಡೇ ದಿನದಲ್ಲಿ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆ ಪೂರ್ತಿ ಬಹುಆಯ್ಕೆಯದೇ ಆಗಿತ್ತು. ಆದರೆ ಪರೀಕ್ಷೆಯ ಪ್ರಶ್ನೆಗೂ ಪಾಠದ ನಡುವಿನ ಪ್ರಶ್ನೆಗೂ ವ್ಯತ್ಯಾಸವಿದೆ. ಪರೀಕ್ಷೆಯಲ್ಲಿ ತಪ್ಪು ಆಯ್ಕೆಗಳು ಜಾಗ ತುಂಬಲು ಇರುತ್ತವೆ. ಪಾಠದಲ್ಲಿ ತಪ್ಪು ಆಯ್ಕೆಗಳೇ ಮುಖ್ಯ. ಒಂದೊಂದು ತಪ್ಪು ಆಯ್ಕೆಯೂ ಮಗುವಿನ ತಲೆಯಲ್ಲಿ ಇರಬಹುದಾದ ಒಂದು ನಿಜವಾದ ತಪ್ಪು ತಿಳಿವಳಿಕೆಯ ಹೆಸರಾಗಿರಬೇಕು.

ಸರಳ ಉದಾಹರಣೆ ಗಣಿತದ್ದು. ಅರ್ಧಕ್ಕೆ ಮೂರನೆ ಒಂದನ್ನು ಕೂಡಿದರೆ ಎಷ್ಟು? ಸರಿಯುತ್ತರ 5/6. ತಪ್ಪು ಆಯ್ಕೆಗಳಿಗೆ ಮನಸ್ಸಿಗೆ ಬಂದ ಅಂಕೆ ಹಾಕಬೇಡಿ. 2/5 ಇಡಿ: ಅದನ್ನು ಆರಿಸಿದವರು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದಾರೆ. 1/6 ಇಡಿ: ಅವರು ಗುಣಿಸಿದ್ದಾರೆ. 2/6 ಇಡಿ: ಅವರಿಗೆ ಛೇದ ಸಮ ಮಾಡಬೇಕೆಂದು ಗೊತ್ತು, ಅಂಶ ಬದಲಿಸಬೇಕೆಂದು ಗೊತ್ತಿಲ್ಲ. ಕಾರ್ಡುಗಳನ್ನು ಓದಿ ಮುಗಿಯುವಷ್ಟರಲ್ಲಿ ನಿಮ್ಮ ತರಗತಿಯಲ್ಲಿ ಯಾವ ಕಾಯಿಲೆ ಎಷ್ಟು ಮಂದಿಗಿದೆ ಎಂದು ಗೊತ್ತಾಗಿಹೋಗುತ್ತದೆ. ಘಟಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರೆಗೆ, ಅಂದರೆ ಪಾಠ ಮುಂದೆ ಹೋಗಿ ಮೂರು ವಾರ ಆಗುವವರೆಗೆ ಕಾಯಬೇಕಿಲ್ಲ.

ನಮ್ಮ ಹೊಳೆಯ ಉದಾಹರಣೆ ಇನ್ನೂ ಚೆನ್ನಾಗಿದೆ. ‘ಬೇಸಿಗೆಯಲ್ಲಿ ಅಘನಾಶಿನಿಯ ಅಳಿವೆ ಕಡೆಯ ನೀರು ಹೆಚ್ಚು ಉಪ್ಪಾಗುವುದೇಕೆ?’ ಎಂದು ಕೇಳಿ. ಎ: ಬಿಸಿಲಿಗೆ ಹೊಳೆಯ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಬಿ: ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾಗಿ, ಉಬ್ಬರದ ನೀರು ಒಳಗೆ ದೂರದವರೆಗೆ ಬರುತ್ತದೆ. ಸಿ: ಸಾಣಿಕಟ್ಟಾದ ಉಪ್ಪಿನ ಆಗರದಿಂದ ಉಪ್ಪು ಹೊಳೆಗೆ ಸೇರುತ್ತದೆ. ಡಿ: ಹೊಳೆಯ ತಳದ ಕಲ್ಲಿನಲ್ಲಿ ಉಪ್ಪಿದೆ. ಸರಿಯುತ್ತರ ಬಿ. ಆದರೆ ಎ-ಯನ್ನು ಆರಿಸುವ ಮಗು ದಡ್ಡನಲ್ಲ. ಆಗರದಲ್ಲಿ ಉಪ್ಪು ಆಗುವುದನ್ನು ಅವನು ಕಣ್ಣಾರೆ ನೋಡಿದ್ದಾನೆ: ಕಟ್ಟಿದ ನೀರು, ಬಿಸಿಲು, ಆಮೇಲೆ ಉಪ್ಪು. ಆ ಸರಿಯಾದ ತಿಳಿವಳಿಕೆಯನ್ನು ಹರಿಯುವ ಹೊಳೆಗೂ ಹಚ್ಚಿದ್ದಾನೆ. ‘ಆಗರದ ನೀರು ನಿಂತಿದೆ, ಹೊಳೆಯ ನೀರು ನಿಂತಿದೆಯೇ?’ ಎಂದು ಒಂದು ಮಾತು ಕೇಳಿದರೆ ಅವನೇ ದಾರಿ ಹಿಡಿಯುತ್ತಾನೆ. ಸಿ-ಯನ್ನು ಆರಿಸಿದವಳು ದಿಕ್ಕನ್ನು ತಿರುಗು-ಮುರುಗು ಮಾಡಿಕೊಂಡಿದ್ದಾಳೆ, ಉಪ್ಪುನೀರು ಅಳಿವೆಯಿಂದ ಆಗರಕ್ಕೆ ಹೋಗುತ್ತದೆಯೇ ಹೊರತು ಆಗರದಿಂದ ಅಳಿವೆಗಲ್ಲ. ಅದೇ ಜಾಡು ಹಿಡಿದು ಮಾಣಿಕಟ್ಟಾದ ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತವನ್ನೇ ಏಕೆ ಬೆಳೆಯುತ್ತಾರೆ ಎಂಬ ಮುಂದಿನ ಪ್ರಶ್ನೆಗೆ ಹೋಗಬಹುದು. ಇಂಥ ಪ್ರಶ್ನೆ ಕಹೂಟ್‌ನ ಸಿದ್ಧ ಭಂಡಾರದಲ್ಲಿ ಸಿಗುವುದಿಲ್ಲ. ಅಲ್ಲಿರುವ ಪ್ರಶ್ನೆಗಳನ್ನು ಯಾರು ಬೇಕಾದರೂ ಬರೆದಿರುತ್ತಾರೆ, ತಪ್ಪು ಉತ್ತರವನ್ನು ‘ಸರಿ’ ಎಂದು ಗುರುತು ಮಾಡಿದವೂ ಸಿಗುತ್ತವೆ. ಸಿದ್ಧ ಪ್ರಶ್ನೆ ಬಳಸುವುದಾದರೆ ಒಂದೊಂದನ್ನೂ ಓದಿಯೇ ಬಳಸಿ.

ಕಂಬಗಳು ಕಾಣಿಸಿದ ಮೇಲೆ ಏನು? ಆಟದ ಆ್ಯಪ್‌ಗೆ ಇಲ್ಲಿ ಅವಸರ. ‘ಮುಂದಿನ ಪ್ರಶ್ನೆ’ ಎಂದು ಗುಂಡಿ ಮಿನುಗುತ್ತಿರುತ್ತದೆ. ಒತ್ತಬೇಡಿ. ತಾಳಮದ್ದಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗೆ ಬಿಡಬೇಕು. ಮೇಲಿಂದ ಮೇಲೆ ಪದ ಹೇಳುತ್ತಲೇ ಹೋದರೆ ಪ್ರಸಂಗ ನಡೆಯುವುದು ಹೇಗೆ? ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ಪಾಠದಲ್ಲಿ ಇದನ್ನೇ ಒಂದು ಕ್ರಮವಾಗಿ ಮಾಡಿದರು. ಪ್ರಶ್ನೆ ಕೇಳುವುದು. ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರಿಸುವುದು. ಸರಿಯುತ್ತರ ಯಾವುದೆಂದು ಹೇಳದೆ, ಪಕ್ಕದವರನ್ನು ಒಪ್ಪಿಸಲು ನೋಡಿ ಎಂದು ಎರಡು ಮೂರು ನಿಮಿಷ ಬಿಡುವುದು. ಮತ್ತೆ ಉತ್ತರ ಕೇಳುವುದು. ಹೆಚ್ಚಿನವರು ಮೊದಲ ಸಲವೇ ಸರಿ ಹೇಳಿದರೆ ಮುಂದೆ ಹೋಗಬಹುದು. ತೀರ ಕಡಿಮೆ ಮಂದಿ ಸರಿ ಹೇಳಿದರೆ ಮಾತಾಡಿಸಿ ಉಪಯೋಗವಿಲ್ಲ, ಪಾಠವನ್ನೇ ಇನ್ನೊಮ್ಮೆ ಬೇರೆ ದಾರಿಯಿಂದ ಮಾಡಬೇಕು. ಮೂರನೆ ಒಂದರಿಂದ ಮೂರನೆ ಎರಡರಷ್ಟು ಮಂದಿ ಸರಿ ಹೇಳಿದಾಗ ಚರ್ಚೆ ಹದಕ್ಕೆ ಬರುತ್ತದೆ, ಪ್ರತಿ ಬೆಂಚಿನಲ್ಲೂ ಒಪ್ಪದವರೊಬ್ಬರು ಸಿಗುತ್ತಾರೆ. ಮಜೂರ್ ಕೂಡ ಇದನ್ನು ಶುರುಮಾಡಿದ್ದು ಕ್ಲಿಕ್ಕರ್ ಯಂತ್ರವಿಲ್ಲದೆಯೇ, ಯಂತ್ರ ಬಂದದ್ದು ಆಮೇಲೆ.

ಎರಡನೆ ಸಲ ಕಾರ್ಡು ಎತ್ತಿದ ಮೇಲೂ ಮೊದಲು ಉತ್ತರ ಹೇಳಬೇಡಿ. ‘ಎ ಯಾಕೆ ಇರಬಾರದು?’ ಎಂದು ಕೇಳಿ. ನಮ್ಮಲ್ಲಿ ಸರಿಯುತ್ತರಕ್ಕೆ ಕಾರಣ ಕೇಳುವ ರೂಢಿ ಇದೆ, ತಪ್ಪುತ್ತರ ಯಾಕೆ ತಪ್ಪು ಎಂದು ಕೇಳುವ ರೂಢಿ ಕಡಿಮೆ. ಇದು ಬರಿ ಶಿಷ್ಟಾಚಾರವಲ್ಲ. ಬಹುಆಯ್ಕೆಯ ಪ್ರಶ್ನೆಯಲ್ಲಿ ಮಗು ಮೂರು ತಪ್ಪು ಹೇಳಿಕೆಗಳನ್ನು ಓದುತ್ತದೆ, ಅವುಗಳಲ್ಲೊಂದು ನಿಜವೆಂದು ತಲೆಯಲ್ಲಿ ಉಳಿದುಬಿಡುವುದೂ ಉಂಟು. ರೋಡಿಗರ್ ಮತ್ತು ಮಾರ್ಷ್ ಎಂಬ ಮನಃಶಾಸ್ತ್ರಜ್ಞರು 2005ರಲ್ಲಿ ಇದನ್ನು ತೋರಿಸಿದರು. ವಿವರಣೆಯಿಲ್ಲದೆ ಓಡುವ ಕ್ವಿಜ್ ಕಲಿಸುವುದರ ಜೊತೆಗೆ ತಪ್ಪನ್ನೂ ಕಲಿಸುತ್ತದೆ.

ಕನ್ನಡಿಗರಿಗೆ ಈ ಮಾತಿಗೆ ಹೊರಗಿನ ಸಾಕ್ಷಿ ಬೇಕಾಗಿಲ್ಲವೇನೋ. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ಯನ್ನು ನೆನೆಸಿಕೊಳ್ಳಿ. ಹೆಸರಿನಲ್ಲಿ ಅವಸರವಿದ್ದರೂ ಡಾ. ನಾ. ಸೋಮೇಶ್ವರ ಉತ್ತರದ ಬಳಿ ಬಂದಾಗ ಅವಸರ ಮಾಡುತ್ತಿರಲಿಲ್ಲ. ಪದದ ಹುಟ್ಟು, ಹಿಂದಿನ ಕತೆ ಹೇಳಿಯೇ ಮುಂದೆ ಹೋಗುತ್ತಿದ್ದರು. ಗೆದ್ದವರಿಗೆ ಸಿಗುತ್ತಿದ್ದುದು ಪುಸ್ತಕ. ಮನೆಯಲ್ಲಿ ಊಟದ ಹೊತ್ತಿಗೆ ಅದನ್ನು ನೋಡುತ್ತಿದ್ದವರು ಸ್ಪರ್ಧಿಗಳ ಅಂಕವನ್ನು ನೆನಪಿಟ್ಟುಕೊಂಡಿಲ್ಲ, ವಿವರಣೆಯನ್ನು ಇಟ್ಟುಕೊಂಡಿದ್ದಾರೆ.

ಕ್ವಿಜ್‌ನಿಂದ ಕಲಿಕೆಗೆ ನಿಜಕ್ಕೂ ಏನಾದರೂ ಲಾಭವಿದೆಯೇ, ಬರಿ ಗಲಾಟೆಯೇ ಎಂದು ಕೇಳುವ ಹಿರಿಯ ಮಾಸ್ತರರು ಪ್ರತಿ ಶಾಲೆಯಲ್ಲೂ ಇರುತ್ತಾರೆ, ಇರಬೇಕು ಕೂಡ. ಅವರಿಗೆ ತೋರಿಸಬಹುದಾದದ್ದು 2006ರ ಒಂದು ಪ್ರಯೋಗ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅದೇ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಎರಡು ಗದ್ಯಭಾಗ ಕೊಟ್ಟರು. ಒಂದನ್ನು ಎರಡು ಬಾರಿ ಓದಿಸಿದರು, ಇನ್ನೊಂದನ್ನು ಒಮ್ಮೆ ಓದಿಸಿ, ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಬಾರಿ ಓದಿದ್ದು ಶೇ. 81ರಷ್ಟು ನೆನಪಿತ್ತು, ಬರೆದು ನೋಡಿದ್ದು ಶೇ. 75ರಷ್ಟು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಎರಡು ಬಾರಿ ಓದಿದ್ದು ಶೇ. 42ಕ್ಕೆ ಇಳಿದಿತ್ತು, ಬರೆದು ನೋಡಿದ್ದು ಶೇ. 56ರಲ್ಲಿ ನಿಂತಿತ್ತು. ತಲೆಯಿಂದ ಹೊರಗೆ ತೆಗೆಯುವ ಕೆಲಸವೇ ಒಳಗೆ ಗಟ್ಟಿ ಮಾಡುತ್ತದೆ ಎಂದರ್ಥ.

ಆದರೆ ಗಮನಿಸಿ, ಆ ಪ್ರಯೋಗದಲ್ಲಿ ನಾಲ್ಕು ಆಯ್ಕೆ ಇರಲಿಲ್ಲ, ಖಾಲಿ ಹಾಳೆ ಇತ್ತು. ಆಯ್ಕೆ ಕಣ್ಣಮುಂದಿದ್ದರೆ ಮಗು ನೆನಪಿನಿಂದ ತೆಗೆಯುವುದಿಲ್ಲ, ಗುರುತು ಹಿಡಿಯುತ್ತದೆ. ಅದಕ್ಕೆ ಸುಲಭ ಉಪಾಯ: ಹಲಗೆಯ ಮೇಲೆ ಮೊದಲು ಪ್ರಶ್ನೆಯನ್ನು ಮಾತ್ರ ಬರೆಯಿರಿ. ಒಂದು ನಿಮಿಷ ಕೊಟ್ಟು ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೇಳಿ. ಆಮೇಲೆ ಆಯ್ಕೆಗಳನ್ನು ಬರೆದು ಕಾರ್ಡು ಎತ್ತಿಸಿ. ಚಿಕ್ಕ ತರಗತಿಯಾದರೆ ಪಾಟಿಯಾದರೂ ನಡೆದೀತು. 40 ನಿಮಿಷದ ಪಿರಿಯಡ್‌ನಲ್ಲಿ ಹೀಗೆ ಮಾಡಿದರೆ ಮೂರು, ಹೆಚ್ಚೆಂದರೆ ಐದು ಪ್ರಶ್ನೆ ಆಗುತ್ತದೆ. ಸಾಕು. ಇಪ್ಪತ್ತು ಪ್ರಶ್ನೆ ಓಡಿಸಿದ ದಿನ ಮಕ್ಕಳಿಗೆ ಮಜಾ, ಮರುದಿನ ಕೇಳಿದರೆ ಗೆದ್ದವರ ಹೆಸರು ಮಾತ್ರ ಗೊತ್ತು.

ಸಮಯದ ಮಾತು ಇನ್ನೊಮ್ಮೆ, ಬೇರೆ ಕಾರಣಕ್ಕೆ. ಕುಮಟಾ, ಹೊನ್ನಾವರ, ಭಟ್ಕಳದ ಒಂದೇ ತರಗತಿಯಲ್ಲಿ ಮನೆಯಲ್ಲಿ ಕೊಂಕಣಿ ಆಡುವವರು, ನವಾಯತಿ ಆಡುವವರು, ಹಾಲಕ್ಕಿ ಕನ್ನಡದವರು, ಹವ್ಯಕ ಕನ್ನಡದವರು ಒಟ್ಟಿಗೇ ಕೂತಿರುತ್ತಾರೆ. ಪಠ್ಯಪುಸ್ತಕದ ಕನ್ನಡ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲ. 20 ಸೆಕೆಂಡಿನಲ್ಲಿ ಸೋತ ಮಗು ವಿಜ್ಞಾನದಲ್ಲಿ ಸೋತಿತೋ ಓದುವುದರಲ್ಲಿ ಸೋತಿತೋ ಅಂಕ ನೋಡಿ ಹೇಳಲಾಗದು. ಪ್ರಶ್ನೆಯನ್ನು ಗಟ್ಟಿಯಾಗಿ ಎರಡು ಸಲ ಓದಿ ಹೇಳಿ, ಸಮಯ ಇಡಲೇಬೇಡಿ.

ಕನ್ನಡದಲ್ಲಿ ಪ್ರಶ್ನೆ ಹಾಕುವವರಿಗೆ ಎರಡು ಚಿಕ್ಕ ತಾಪತ್ರಯಗಳಿವೆ. ಶಾಲೆಯ ಕಂಪ್ಯೂಟರಿನಲ್ಲಿರುವ ಹಳೆ ಪ್ರಶ್ನೆಪತ್ರಿಕೆಗಳು ಬಹುಪಾಲು ನುಡಿ ಅಥವಾ ಬರಹದ ಹಳೆ ಫಾಂಟ್‌ನಲ್ಲಿರುತ್ತವೆ. ಅವನ್ನು ನಕಲು ಮಾಡಿ ಆಟದ ತಾಣದಲ್ಲಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅದಕ್ಕಿಂತ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಂಡು ಮಾತಾಡಿ ಬರೆಸುವುದೇ ಬೇಗ, ಕೊನೆಯಲ್ಲಿ ಒಮ್ಮೆ ತಿದ್ದಬೇಕಷ್ಟೆ. ಎರಡನೆಯದು ಅಕ್ಷರಗಳ ಮಿತಿ. ಪ್ರಶ್ನೆಗೆ ಇಷ್ಟೇ ಅಕ್ಷರ, ಆಯ್ಕೆಗೆ ಇಷ್ಟೇ ಎಂದು ಕೆಲವು ಆಟಗಳಲ್ಲಿ ಕಟ್ಟುಪಾಡಿದೆ. ‘ಕ್ಷೇತ್ರ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಮೂಲಾಕ್ಷರ, ಹಲಂತಚಿಹ್ನೆ, ಸ್ವರಚಿಹ್ನೆ ಎಲ್ಲ ಸೇರಿ ಏಳು. ಹಾಗಾಗಿ ಇಂಗ್ಲಿಷಿನಲ್ಲಿ ಹಿಡಿಯುವ ಪ್ರಶ್ನೆ ಕನ್ನಡದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಉದ್ದದ ಪ್ರಶ್ನೆ ಹಲಗೆಯ ಮೇಲಿರಲಿ, ಆ್ಯಪ್‌ನಲ್ಲಿ ‘ಪ್ರಶ್ನೆ 1’ ಎಂದು ಬರೆದರೂ ಲೆಕ್ಕ ಇಡುವ ಕೆಲಸ ನಡೆಯುತ್ತದೆ.

ಕಾಲೇಜಿನವರಿಗೆ, ಅಂದರೆ ಮಕ್ಕಳ ಕೈಯಲ್ಲಿ ಫೋನ್ ಇರುವಲ್ಲಿ ಪಾಠ ಮಾಡುವವರಿಗೆ ಎರಡು ಮಾತು. ಉಪನ್ಯಾಸಕರ ಫೋನಿನ ಹಾಟ್‌ಸ್ಪಾಟ್‌ಗೆ ಸಾಮಾನ್ಯವಾಗಿ ಹತ್ತರ ಸುಮಾರು ಫೋನುಗಳಷ್ಟೇ ಸೇರಿಕೊಳ್ಳುತ್ತವೆ, ಅರವತ್ತು ಮಂದಿಗೆ ಅದನ್ನು ನೆಚ್ಚಬೇಡಿ. ಮೂವರಿಗೊಂದು ಫೋನ್ ಎಂದು ಗುಂಪು ಮಾಡಿದರೆ ನೆಟ್‌ವರ್ಕ್‌ಗೂ ಹಗುರ, ಒಳ್ಳೆಯ ಜಗಳವೂ ಸಿಗುತ್ತದೆ. ಕ್ವಿಝಿಝ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಆಡುವ ಏರ್ಪಾಡಿದೆ, ಮನೆಗೆಲಸವಾಗಿಯೂ ಕೊಡಬಹುದು. ಮಳೆ ರಜೆ ಘೋಷಣೆಯಾದ ದಿನಕ್ಕೆ ಒಳ್ಳೆಯದು, ಮನೆಯಲ್ಲಿ ಕರೆಂಟು, ನೆಟ್ಟು ಇದ್ದವರಿಗೆ. ಇಲ್ಲದವರನ್ನು ಅಂಕಕ್ಕೆ ಹಿಡಿಯಬಾರದು.

ಹೆಸರಿನ ವಿಷಯದಲ್ಲಿ ಸ್ವಲ್ಪ ಬಿಗಿ ಇರಲಿ. ಆಟಕ್ಕೆ ಸೇರುವಾಗ ಅಡ್ಡಹೆಸರು ಹಾಕಲು ಬಿಟ್ಟರೆ ಹಿಂದಿನ ಬೆಂಚಿನಿಂದ ಬರುವ ಹೆಸರುಗಳನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ. ಇನ್ನೊಂದು ಕಡೆ, ಮಕ್ಕಳ ಪೂರ್ತಿ ಹೆಸರು, ಹುಟ್ಟಿದ ದಿನ, ಇಮೇಲ್ ವಿಳಾಸವನ್ನೆಲ್ಲ ಯಾವುದೋ ಕಂಪನಿಗೆ ಕೊಡುವುದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯಿದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಎರಡಕ್ಕೂ ಮದ್ದು ಒಂದೇ: ಹಾಜರಿ ಸಂಖ್ಯೆ. 17 ಯಾರೆಂದು ಅಕ್ಕೋರಿಗೆ ಗೊತ್ತು, ಕಂಪನಿಗೆ ಗೊತ್ತಾಗಬೇಕಿಲ್ಲ.

ಈ ಆಟದ ಅಂಕವನ್ನು ರೂಪಣಾತ್ಮಕ ಮೌಲ್ಯಮಾಪನದ ಲೆಕ್ಕಕ್ಕೆ ಸೇರಿಸಬೇಕೆಂಬ ಆಸೆ ಯಾರಿಗಾದರೂ ಬರುತ್ತದೆ, ದಾಖಲೆ ತಾನಾಗಿ ಸಿದ್ಧವಾಗಿರುತ್ತದಲ್ಲ. ನನ್ನ ಮಟ್ಟಿಗೆ ಅದು ಬೇಡ. ಅಂಕ ಬರುತ್ತದೆ ಎಂದು ತಿಳಿದ ಕ್ಷಣ ಮಕ್ಕಳು ತಮಗೆ ಸರಿಯೆನಿಸಿದ್ದನ್ನು ಬಿಟ್ಟು ತರಗತಿಯ ಜಾಣರಿಗೆ ಸರಿಯೆನಿಸಿದ್ದನ್ನು ಎತ್ತುತ್ತಾರೆ. ಆಗ ಕಂಬಗಳು ಸುಳ್ಳು ಹೇಳತೊಡಗುತ್ತವೆ. ದಾಖಲೆ ಬೇಕಾಗುವುದು ಬೇರೆ ಕೆಲಸಕ್ಕೆ: ಸಂಜೆ ಕೂತು ಯಾವ ಪ್ರಶ್ನೆಗೆ ಯಾರು ಏನು ಎತ್ತಿದರು ಎಂದು ನೋಡಿದರೆ ಮರುದಿನದ ಪರಿಹಾರ ಬೋಧನೆಗೆ ಯಾರನ್ನು ಕೂರಿಸಬೇಕು, ಯಾವುದನ್ನು ಹೇಳಬೇಕು ಎರಡೂ ಸಿಗುತ್ತವೆ.

ಇದು ಎಷ್ಟು ದಿನ ಹೊಸತಾಗಿ ಉಳಿಯುತ್ತದೆ? ವಾಂಗ್ ಅವರೇ 2015ರಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕಹೂಟ್ ಬಳಸಿದ ತರಗತಿಯನ್ನೂ ಒಂದೇ ಸಲ ಬಳಸಿದವರನ್ನೂ ಹೋಲಿಸಿ ನೋಡಿದರು. ತರಗತಿಯ ಲವಲವಿಕೆ ಸ್ವಲ್ಪ ಇಳಿದಿತ್ತು, ಆಸಕ್ತಿ ಮಾತ್ರ ಬಹುಪಾಲು ಉಳಿದಿತ್ತು. ದಿನಾ ಆಡಿಸಿದರೆ ಯಾವ ಆಟವೂ ಹಾಜರಿ ಕೂಗಿದಷ್ಟೇ ಆಗುತ್ತದೆ. ವಾರಕ್ಕೊಮ್ಮೆ, ಅದೂ ಪಾಠದ ಸಿಕ್ಕಿನ ಜಾಗ ಬಂದಾಗ, ಸಾಕೆನಿಸುತ್ತದೆ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇರುವುದು ಕುಮಟಾದಲ್ಲೇ. ಬಿ.ಇಡಿ. ಕಾಲೇಜೂ ಇಲ್ಲಿದೆ. ಕಲಿಯಲು ಬರುವವರು ಆ್ಯಪ್ ಒತ್ತುವುದನ್ನು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ. ಒಂದೊಂದು ಪಾಠಕ್ಕೆ ಮೂರು ಒಳ್ಳೆಯ ತಪ್ಪುತ್ತರ ಹುಡುಕುವ ಕೆಲಸವನ್ನು ನಾಲ್ಕು ಶಾಲೆಯ ಮಾಸ್ತರರು ಒಟ್ಟಿಗೆ ಕೂತು ಮಾಡಿದರೆ ಒಂದು ತಿಂಗಳಲ್ಲಿ ಎಂಟನೆ ತರಗತಿಯ ವಿಜ್ಞಾನಕ್ಕೊಂದು ಪ್ರಶ್ನೆಗಳ ಕಟ್ಟು ಆಗುತ್ತದೆ. ಅದಕ್ಕೆ ಪ್ರತಿಯೊಬ್ಬರೂ ತಮ್ಮ ಮಕ್ಕಳು ಉತ್ತರಪತ್ರಿಕೆಯಲ್ಲಿ ಮಾಡಿದ ತಪ್ಪುಗಳ ಪಟ್ಟಿ ಹಿಡಿದುಕೊಂಡು ಬರಬೇಕು. ಪಟ್ಟಿ ಎಲ್ಲರ ಬಳಿಯೂ ಇದೆ, ಕೆಂಪು ಶಾಯಿಯಲ್ಲಿ.

ಕೊನೆಯದಾಗಿ, ಕೇಳಿದ ಪ್ರಶ್ನೆಯನ್ನು ಎಸೆಯಬೇಡಿ. ಅಘನಾಶಿನಿಯ ಪ್ರಶ್ನೆಗೆ ಜೂನ್‌ನಲ್ಲಿ ಎ-ಗೆ ಹದಿನಾಲ್ಕು ಕಾರ್ಡು ಎದ್ದಿದ್ದರೆ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಆ 14 ಎಂಬ ಅಂಕೆಯನ್ನು ಬರೆದಿಡಿ. ದಸರಾ ರಜೆ ಮುಗಿದು ಮಕ್ಕಳು ಬಂದ ವಾರ, ಏನೂ ಪೀಠಿಕೆಯಿಲ್ಲದೆ ಅದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯಿರಿ. ರಟ್ಟಿನ ಕಾರ್ಡುಗಳ ಅಂಚು ಅಷ್ಟರಲ್ಲಿ ಸವೆದಿರುತ್ತದೆ, ಆಕೃತಿಯ ಮೇಲೆ ಯಾರೋ ಮೀಸೆ ಬರೆದಿರುತ್ತಾರೆ. ಆದರೂ ಫೋನು ಓದುತ್ತದೆ.